ಎಲ್ಲರೂ ಒಳಬರುವ ಉದ್ಯಾನ



ಊರಿನ ಉದ್ಯಾನದ ಬಾಗಿಲನ್ನು ಒಮ್ಮೆ ಗಮನಿಸಿ. ಅನೇಕ ಕಡೆ ದನಕರು ನುಗ್ಗಬಾರದೆಂದು ಕಬ್ಬಿಣದ ತಿರುಗುಗೇಟನ್ನೋ, ಕಂಬಗಳ ನಡುವೆ ಇಕ್ಕಟ್ಟಾದ ಸಂದಿಯನ್ನೋ ಇಟ್ಟಿರುತ್ತಾರೆ. ದನವೇನೋ ಹೊರಗೆ ಉಳಿಯುತ್ತದೆ. ಅದರ ಜೊತೆಗೆ ಗಾಲಿಕುರ್ಚಿಯಲ್ಲಿ ಬಂದ ಹುಡುಗನೂ ಊರುಗೋಲು ಹಿಡಿದ ಅಜ್ಜಿಯೂ ಹೊರಗೇ ಉಳಿಯುತ್ತಾರೆ. ಫಲಕದ ಮೇಲೆ ‘ಸಾರ್ವಜನಿಕ ಉದ್ಯಾನ’ ಎಂದು ಬರೆದಿರುತ್ತದೆ. ಸಾರ್ವಜನಿಕರೆಂದರೆ ಯಾರು ಎಂಬುದಕ್ಕೆ ಬಾಗಿಲು ಮಾತ್ರ ಬೇರೆಯೇ ಉತ್ತರ ಕೊಡುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1997ರ ಆಗಸ್ಟ್ 15ರಂದು ಈ ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಅದಾದ ಎರಡು ದಶಕಗಳ ಮೇಲೆ. ಇಂಥ ಊರುಗಳು ಬೆಳೆಯುವಾಗ ಬಯಲು ಜಾಗ ಕಿರಿದಾಗುತ್ತ ಹೋಗುತ್ತದೆ. ಉಳಿದ ಜಾಗ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಏಳುವುದು ಆಗಲೇ.

ವಿರಾಮಕ್ಕೆಂದು ಊರಿನಲ್ಲಿ ಚೆಂದದ ಜಾಗ ಕಟ್ಟುವುದು ಈ ಸೀಮೆಗೆ ಹೊಸದಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯೇ ಇದಕ್ಕೆ ಸಾಕ್ಷಿ. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಈ ಹೊಂಡದ ನಡುವೆ ವಸಂತ ಮಂಟಪವಿದೆ. ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಕಾಲದ ಮುಸಾಫಿರ್ ಖಾನೆ ಇದೆ. ಒಂದೆಡೆ ನೀರು, ಇನ್ನೊಂದೆಡೆ ದಾರಿಹೋಕರಿಗೆ ತಂಗುವ ನೆರಳು. ಆದರೆ ಹೊಂಡದ ನೀರಿಗೆ ಇಳಿಯಬೇಕಾದರೆ ಸಾಲು ಸಾಲು ಮೆಟ್ಟಿಲು. ಕಾಲು ಗಟ್ಟಿ ಇದ್ದವರಿಗಷ್ಟೇ ಅದು ಸಲೀಸು. ಅಂದಿನವರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಇಂದು ಹೊಸದಾಗಿ ಕಟ್ಟುವವರಿಗೆ ಮಾತ್ರ ಆ ವಿನಾಯಿತಿ ಇಲ್ಲ.

ಮೊದಲ ಮಾತು, ಜಾಗ ಉಳಿಯಬೇಕು. ಇದಕ್ಕೆಂದೇ ಕರ್ನಾಟಕದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಸೇರಿದ ಜಾಗವನ್ನು ಮನಬಂದಂತೆ ಬೇರೆ ಕೆಲಸಕ್ಕೆ ಬಳಸಬಾರದು ಎಂಬುದು ಅದರ ತಿರುಳು. ಕಾಯ್ದೆಯ ಹೊರಗೂ ನ್ಯಾಯಾಲಯ ಇದೇ ಮಾತನ್ನು ಹೇಳಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಎಂದು ತೀರ್ಪಿತ್ತಿತು. ಆಸ್ಪತ್ರೆ ಒಳ್ಳೆಯದೇ ಆದರೂ ಉದ್ಯಾನದ ಜಾಗದಲ್ಲಿ ಅದಕ್ಕೆ ಎಡೆಯಿಲ್ಲ ಎಂದಂತಾಯಿತು. ಆಟದ ಬಯಲಿನ ಮೇಲೆ ಕಟ್ಟಡದ ಯೋಜನೆ ಬಂದಾಗ ಯಾವ ಸಣ್ಣ ಊರಿನವರೂ ನೆನೆಯಬೇಕಾದ ತೀರ್ಪು ಇದು.

ಎರಡನೆಯ ಮಾತು, ಉಳಿದ ಜಾಗದೊಳಕ್ಕೆ ಎಲ್ಲರೂ ಬರುವಂತಾಗಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಶಾಲೆ, ಉದ್ಯೋಗಗಳಿಗೇ ನಿಲ್ಲುವುದಿಲ್ಲ. ಮನರಂಜನೆ ಮತ್ತು ಕ್ರೀಡೆಯೂ ಅವರ ಹಕ್ಕು ಎಂದು ಅದು ಹೇಳುತ್ತದೆ. ಕ್ರೀಡಾ ಸೌಲಭ್ಯಗಳನ್ನು ಅವರಿಗೆ ಒಗ್ಗುವಂತೆ ಮಾರ್ಪಡಿಸಬೇಕು ಎನ್ನುತ್ತದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸಾರ್ವಜನಿಕ ಸ್ಥಳಗಳಿಗೆ ಸುಗಮ ಪ್ರವೇಶ ಒದಗಿಸುವ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾದ ಕನಿಷ್ಠ ನಿಯಮಗಳನ್ನು ರೂಪಿಸಬೇಕು ಎಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು.

ಇದೆಲ್ಲ ದೊಡ್ಡ ನಗರಗಳ ಮಾತು, ಸಣ್ಣ ಊರಿಗೆ ದುಡ್ಡೆಲ್ಲಿ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಗಾಲಿಕುರ್ಚಿ ಏರಲು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿ ಹಿಮ್ಮುಖವಾಗಿ ಜಾರುವ ಅಪಾಯವಿದೆ. ಬಾಗಿಲು ಮೂರು ಅಡಿ ಅಗಲ ಇದ್ದರೆ ಕುರ್ಚಿ ಒಳಗೆ ಹೋಗುತ್ತದೆ. ಜೋಕಾಲಿಗೆ ಬೆನ್ನಾನಿಕೆ ಮತ್ತು ಸೊಂಟಪಟ್ಟಿ ಇದ್ದರೆ ನೇರವಾಗಿ ಕೂರಲು ಕಷ್ಟಪಡುವ ಮಗುವೂ ತೂಗಬಲ್ಲದು. ಕಟ್ಟುವಾಗಲೇ ಯೋಚಿಸಿದರೆ ಇವಕ್ಕೆ ತಗಲುವ ಹೆಚ್ಚುವರಿ ಖರ್ಚು ಅಲ್ಪ. ಕಟ್ಟಿ ಮುಗಿಸಿ ಒಡೆಯುವಾಗಲೇ ಖರ್ಚು.

ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಕೈಹಾಕಿದವರು ವಿಶೇಷ ಅಗತ್ಯವುಳ್ಳ ಮಕ್ಕಳ ಹೆತ್ತವರು. ‘ಕಿಲಿಕಿಲಿ’ ಎಂಬ ಅವರ ಸಂಸ್ಥೆ ಮಹಾನಗರ ಪಾಲಿಕೆಯೊಂದಿಗೆ ಸೇರಿ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಉದ್ಯಾನ ಮತ್ತು ರಾಜಾಜಿನಗರದ ಗಾಯತ್ರಿದೇವಿ ಉದ್ಯಾನಗಳಲ್ಲಿ ಎಲ್ಲ ಮಕ್ಕಳಿಗೂ ಒದಗುವ ಆಟದ ಜಾಗಗಳನ್ನು ರೂಪಿಸಿತು. ಅಂಗವಿಕಲ ಮಕ್ಕಳಿಗೆ ಪ್ರತ್ಯೇಕ ಮೂಲೆ ಬೇಡ, ಎಲ್ಲರೂ ಒಂದೇ ಕಡೆ ಆಡಬೇಕು ಎಂಬುದು ಅವರ ನಿಲುವು. ಹೀಗೆ ಜೊತೆಗೆ ಆಡಿದ ಮಕ್ಕಳಿಗೆ ಇನ್ನೊಬ್ಬರ ನ್ಯೂನತೆ ವಿಚಿತ್ರವಾಗಿ ಕಾಣುವುದಿಲ್ಲ.

ಆಟವನ್ನೇ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಶಿವಮೊಗ್ಗದಲ್ಲೇ ಉದಾಹರಣೆಯಿದೆ. ಅಲ್ಲಿನ ಶಾರದಾದೇವಿ ಅಂಧರ ಶಾಲೆಯಲ್ಲಿ ಕಲಿತ ಶೇಖರ್ ನಾಯ್ಕ್ ಅಂಧರ ಕ್ರಿಕೆಟ್‌ನಲ್ಲಿ ಭಾರತ ತಂಡದ ನಾಯಕರಾದರು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಟಿ-20 ವಿಶ್ವಕಪ್ ಅವರ ತಂಡದ ಪಾಲಾಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಆಟದ ಚೆಂಡಿನೊಳಗೆ ಲೋಹದ ಗುಂಡುಗಳಿದ್ದು, ಉರುಳುವಾಗ ಗಿಲಕಿಯಂತೆ ಸದ್ದು ಮಾಡುತ್ತದೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಹೊಡೆದ ಪ್ರತಿ ರನ್ ಎರಡು ರನ್ ಎಂದು ಲೆಕ್ಕಕ್ಕೆ ಬರುತ್ತದೆ. ಚೆಂಡನ್ನೂ ನಿಯಮವನ್ನೂ ಒಂದಿಷ್ಟು ತಿದ್ದಿದ್ದರಿಂದ ಅಂಗಳದ ಅಂಚಿನಲ್ಲಿ ಕುಳಿತಿರಬೇಕಾಗಿದ್ದವರು ವಿಶ್ವಕಪ್ ಎತ್ತಿದರು.

ಈ ನಾಲ್ಕು ಊರುಗಳಿಗೆ ಒಂದೇ ನಕ್ಷೆ ಹೊಂದುವುದಿಲ್ಲ. ಮಳೆ ಕಡಿಮೆಯಾದ ಜಗಳೂರಿನಲ್ಲಿ ಹಸಿರು ಹುಲ್ಲುಹಾಸಿಗೆ ನೀರುಣಿಸುವುದಕ್ಕಿಂತ ಬೇವು, ಹೊಂಗೆಯ ನೆರಳು ಮತ್ತು ಅದರ ಕೆಳಗೊಂದು ಕಟ್ಟೆ ಮೇಲು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲೂ ನ್ಯಾಮತಿಯಲ್ಲೂ ಮಳೆಗಾಲದ ಕೆಸರಿನಲ್ಲಿ ಗಾಲಿ ಹೂಳದಂತೆ ಗಟ್ಟಿ ಕಾಲುದಾರಿ ಮೊದಲು ಬೇಕು. ಚನ್ನಗಿರಿಯಲ್ಲಿ ಹೊಸ ಮೈದಾನ ರೂಪಿಸುವವರು ಹೆಣ್ಣುಮಕ್ಕಳು ಖೋ-ಖೋ ಆಡಿ ಸಂಜೆ ನಿರ್ಭಯವಾಗಿ ಮನೆಗೆ ಮರಳುವಂತೆ ದೀಪ, ಶೌಚಾಲಯಗಳನ್ನು ಮೊದಲ ಪಟ್ಟಿಯಲ್ಲೇ ಬರೆಯಬೇಕು.

ಯೋಜನೆಯ ನಕ್ಷೆ ಮೇಜಿನ ಮೇಲೆ ಬಂದಾಗ ಸಭೆಗೆ ಗುತ್ತಿಗೆದಾರರೂ ಎಂಜಿನಿಯರೂ ಬರುತ್ತಾರೆ. ಆ ದಿನ ಊರುಗೋಲಿನ ಅಜ್ಜಿಯನ್ನೂ ಗಾಲಿಕುರ್ಚಿಯ ಹುಡುಗನನ್ನೂ ಕರೆಯಬೇಕು. ಬಾಗಿಲು ಎಷ್ಟು ಅಗಲ ಇರಬೇಕೆಂಬುದು ಅವರಿಗೆ ಗೊತ್ತು.