ಕಿವಿಗೆ ಮೊದಲು ತಿಳಿಯುವ ಭಯ

ಥ್ರಿಲ್ಲರ್ ಚಿತ್ರದ ಸಸ್ಪೆನ್ಸ್ ಎಂದರೆ ಮುಂದೇನಾಗುವುದೋ ಎಂಬ ಕುತೂಹಲವಷ್ಟೇ ಅಲ್ಲ. ಆಗಬಾರದ್ದು ಆಗಲಿದೆ ಎಂಬುದು ಪ್ರೇಕ್ಷಕನಿಗೆ ಅರ್ಧಂಬರ್ಧ ಗೊತ್ತಿದ್ದು, ತೆರೆಯ ಮೇಲಿನ ಪಾತ್ರಕ್ಕೆ ಅದರ ಸುಳಿವೂ ಇಲ್ಲದಿರುವಾಗ ಹುಟ್ಟುವ ಚಡಪಡಿಕೆ ಅದು. ಈ ಅರ್ಧ ತಿಳಿವಳಿಕೆಯಲ್ಲಿ ಕಣ್ಣಿನ ಪಾಲೆಷ್ಟು, ಕಿವಿಯ ಪಾಲೆಷ್ಟು ಎಂದು ಹಂಚುವುದೇ ಕ್ಯಾಮೆರಾ ಮತ್ತು ಧ್ವನಿಯ ಕೆಲಸ. ಎರಡೂ ಒಂದೇ ಮಾತನ್ನು ಒಟ್ಟಿಗೆ ಕೂಗಿ ಹೇಳಿದರೆ, ಇಂದಿನ ಹಲವು ಚಿತ್ರಗಳಲ್ಲಿ ಆಗುವಂತೆ, ಗದ್ದಲ ಉಳಿಯುತ್ತದೆಯೇ ಹೊರತು ಆತಂಕವಲ್ಲ.

ಮಾತಿನ ಚಿತ್ರಗಳು ಇನ್ನೂ ಅಂಬೆಗಾಲಿಡುತ್ತಿದ್ದ 1931ರಲ್ಲಿ, ಜರ್ಮನಿಯಲ್ಲಿ ನೆಲೆಸಿದ್ದ ನಿರ್ದೇಶಕ ಫ್ರಿಟ್ಜ್ ಲಾಂಗ್ ತಮ್ಮ ಮೊದಲ ಮಾತಿನ ಚಿತ್ರ ‘ಎಮ್’ನಲ್ಲೇ ಈ ಹಂಚಿಕೆಯನ್ನು ಸಾಧಿಸಿದ್ದರು. ಶಾಲೆಯಿಂದ ಮನೆಗೆ ಹೊರಟ ಪುಟ್ಟ ಎಲ್ಸಿ, ಮಕ್ಕಳ ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರುವ ಭಿತ್ತಿಪತ್ರ ಅಂಟಿಸಿದ ಕಂಬಕ್ಕೇ ಚೆಂಡು ಪುಟಿಸುತ್ತಿರುವಾಗ, ಆ ಅಕ್ಷರಗಳ ಮೇಲೆ ಗಂಡಸಿನ ನೆರಳೊಂದು ಬಿದ್ದು, ಚೆಂಡನ್ನು ಹೊಗಳಿ, ಅವಳ ಹೆಸರು ಕೇಳುತ್ತದೆ. ಮುಖ ಕಾಣುವುದಿಲ್ಲ. ಅನಂತರ ಅವನು ಕುರುಡ ಮಾರಾಟಗಾರನಿಂದ ಅವಳಿಗೆ ಬಲೂನು ಕೊಡಿಸುವಾಗ ನಾರ್ವೆಯ ಸಂಗೀತಗಾರ ಗ್ರೀಗ್‌ರ ಒಂದು ಧಾಟಿಯನ್ನು ಸಿಳ್ಳೆ ಹಾಕುತ್ತಾನೆ. ಅತ್ತ ಊಟ ಬಡಿಸಲು ಕಾದಿರುವ ತಾಯಿ ಮಗಳ ಹೆಸರು ಹಿಡಿದು ಕೂಗುತ್ತಿದ್ದರೆ, ಆ ಕೂಗಿನ ಮೇಲೆ ಕ್ಯಾಮೆರಾ ಖಾಲಿ ಮೆಟ್ಟಿಲುಗಳನ್ನು, ಬಟ್ಟೆ ಒಣಹಾಕಿದ ಖಾಲಿ ಅಟ್ಟವನ್ನು, ಮೇಜಿನ ಮೇಲಿನ ಖಾಲಿ ತಟ್ಟೆಯನ್ನು ತೋರಿಸುತ್ತದೆ. ಬಳಿಕ ಪೊದೆಯ ಮರೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ, ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಕೊಲೆಯನ್ನು ತೋರಿಸಿಲ್ಲ, ತೋರಿಸಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಚಿತ್ರದಲ್ಲಿ ಹಿನ್ನೆಲೆ ಸಂಗೀತ, ಅಂದರೆ ಪಾತ್ರಗಳಿಗೆ ಕೇಳದೆ ಪ್ರೇಕ್ಷಕನಿಗಷ್ಟೇ ಕೇಳುವ ಸಂಗೀತ, ಇಲ್ಲವಾದ್ದರಿಂದ ಆ ಸಿಳ್ಳೆಯೇ ಅಪಾಯದ ಗುರುತಾಗಿ ಕಿವಿಯಲ್ಲಿ ಕೂರುತ್ತದೆ. ಕೊನೆಗೆ ಕೊಲೆಗಾರನನ್ನು ಗುರುತಿಸುವವನೂ ಕಣ್ಣಿದ್ದವನಲ್ಲ, ಆ ಸಿಳ್ಳೆಯನ್ನು ಮರೆಯದ ಕುರುಡ ಬಲೂನು ಮಾರಾಟಗಾರ.

ಆರ್ಸನ್ ವೆಲ್ಸ್‌ರ ‘ಟಚ್ ಆಫ್ ಈವಿಲ್’ (1958) ಇದಕ್ಕೆ ವ್ಯತಿರಿಕ್ತವಾಗಿ ಎಲ್ಲವನ್ನೂ ಮೊದಲೇ ಕಣ್ಣಿಗೆ ಒಪ್ಪಿಸುತ್ತದೆ: ಕೈಯೊಂದು ಬಾಂಬಿಗೆ ಸಮಯ ತಿರುಗಿಸಿ ಕಾರಿನ ಡಿಕ್ಕಿಯಲ್ಲಿಡುವುದನ್ನು ತೋರಿಸಿ, ಕ್ರೇನಿನ ಮೇಲಿನ ಕ್ಯಾಮೆರಾ ಮೂರು ನಿಮಿಷಕ್ಕೂ ಹೆಚ್ಚು ಕಾಲ ಎಲ್ಲೂ ಕತ್ತರಿ ಬೀಳದಂತೆ ಗಡಿಪಟ್ಟಣದ ಬೀದಿಯಲ್ಲಿ ಸಾಗುತ್ತದೆ. ವೆಲ್ಸ್‌ರ ಟಿಪ್ಪಣಿಯನ್ನು ಆಧರಿಸಿ 1998ರಲ್ಲಿ ಮರುಸಂಕಲನ ಮಾಡಿದಾಗ ಅಲ್ಲಿದ್ದ ಹಿನ್ನೆಲೆ ಸಂಗೀತವನ್ನು ತೆಗೆದು, ಬೀದಿಯ ಕ್ಲಬ್ಬುಗಳ ಹಾಡು ಮತ್ತು ಕಾರಿನ ರೇಡಿಯೊ ಸದ್ದನ್ನು ತುಂಬಲಾಯಿತು. ಈಗ ಕಾರು ಚೌಕಟ್ಟಿನಿಂದಾಚೆ ಸರಿದರೂ ರೇಡಿಯೊ ಅದರ ದೂರವನ್ನು ಅಳೆದು ಹೇಳುತ್ತಲೇ ಇರುತ್ತದೆ.

ಸ್ಟೀವನ್ ಸ್ಪೀಲ್‌ಬರ್ಗ್‌ರ ‘ಜಾಸ್’ (1975) ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೈಕೊಟ್ಟದ್ದು ಒಂದು ಬಗೆಯಲ್ಲಿ ಚಿತ್ರದ ಅದೃಷ್ಟ. ಶಾರ್ಕನ್ನು ಕಾಣಿಸುವ ಬದಲು ಕ್ಯಾಮೆರಾವೇ ಅದರ ಕಣ್ಣಾಗಿ ಈಜುವವರ ಕಾಲುಗಳತ್ತ ಕೆಳಗಿನಿಂದ ಏರುತ್ತದೆ, ಇದನ್ನೇ ದೃಷ್ಟಿಕೋನದ ಶಾಟ್ ಎನ್ನುವುದು. ಜೊತೆಗೆ ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್‌ರ ಎರಡೇ ಸ್ವರಗಳು ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಮಿಡಿಯುತ್ತವೆ. ಇಬ್ಬರು ಹುಡುಗರು ಶಾರ್ಕಿನ ಹುಸಿ ಈಜುರೆಕ್ಕೆ ಹಿಡಿದು ಜನರನ್ನು ಹೆದರಿಸುವ ದೃಶ್ಯದಲ್ಲಿ ಆ ಸ್ವರಗಳು ಕೇಳುವುದಿಲ್ಲ. ಹೀಗಾಗಿ ಸಂಗೀತ ಸುಳ್ಳಾಡದು, ಅದು ಬಂದರಷ್ಟೇ ಶಾರ್ಕ್ ಬರುವುದು ಎಂಬ ನಂಬಿಕೆ ಪ್ರೇಕ್ಷಕನಲ್ಲಿ ಬೇರೂರುತ್ತದೆ. ಮುಂದೆ ಪೊಲೀಸ್ ಅಧಿಕಾರಿ ಬ್ರೋಡಿ ದೋಣಿಯಂಚಿನಲ್ಲಿ ನಿಂತು ಗೊಣಗುತ್ತ ಮೀನಿನ ಚೂರುಗಳನ್ನು ನೀರಿಗೆ ಎಸೆಯುತ್ತಿರುವಾಗ, ಅವನ ಬೆನ್ನ ಹಿಂದೆಯೇ ಶಾರ್ಕ್ ಬಾಯಿ ತೆರೆದು ಮೇಲೇಳುತ್ತದೆ. ಆ ಕ್ಷಣದವರೆಗೆ ಒಂದು ಸ್ವರವೂ ಕೇಳಿರುವುದಿಲ್ಲ.