ಮಲ್ಲಿಗೆಯ ಜೊತೆ ತರಕಾರಿಯೂ ಇರಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಸಾರಾಂಶ)



ನಮ್ಮ ಉಡುಪಿ, ಶಂಕರಪುರದ ಕಡೆ ಐದು ಹತ್ತು ಸೆಂಟ್ಸ್ ಜಾಗ ಇರುವವರೂ ಮಲ್ಲಿಗೆ ಗಿಡ ನೆಟ್ಟಿದ್ದಾರೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಹೂವಿನ ಹಣದ ಲೆಕ್ಕ ಬರೆದಿಡುವವರು ಎಷ್ಟು ಮಂದಿ ಇದ್ದೀರಿ?

800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬೆಳಿಗ್ಗೆಯೇ ಕಟ್ಟೆಗೆ ಮುಟ್ಟಿಸಬೇಕು. ಇಷ್ಟು ದುಡಿದರೂ ದರ ನಮ್ಮ ಕೈಯಲ್ಲಿಲ್ಲ. ಮದುವೆ, ನೇಮ, ಹಬ್ಬ ಬಂದರೆ ಏರುತ್ತದೆ. ಹೂ ರಾಶಿ ಬಿದ್ದ ದಿನ ಇಳಿಯುತ್ತದೆ. ಜೋರು ಮಳೆಗೆ ಹೂವೇ ಕಡಿಮೆ. ಸಂಘದ ಸಾಲದ ಕಂತು ಮಾತ್ರ ಮಳೆಗಾಲ ಅಂತ ನಿಲ್ಲುವುದಿಲ್ಲ.

ಆದ್ದರಿಂದ ಹಿತ್ತಲಲ್ಲಿ ಸ್ವಲ್ಪ ಜಾಗ ತರಕಾರಿಗೆ ಬಿಡಿ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಅದರ ಆಸುಪಾಸಿನಲ್ಲೇ ಚೌತಿ. ಆಗ ಊರ ಬೆಂಡೆ, ಹೀರೆ, ಹರಿವೆ, ಮುಳ್ಳುಸೌತೆಯನ್ನು ಜನ ಹುಡುಕಿಕೊಂಡು ಬರುತ್ತಾರೆ. ದಿನ ಹಿಂದಕ್ಕೆ ಎಣಿಸಿ ಬಿತ್ತಿ. ಬೆಂಡೆ ಕೊಯ್ಲಿಗೆ ಬರಲು ಸುಮಾರು ಒಂದೂವರೆ ತಿಂಗಳು ಬೇಕು, ಹೀರೆಗೆ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ ಇವನ್ನು ಜುಲೈ ಮೊದಲ ವಾರದೊಳಗೆ ಹಾಕಿ. ಹರಿವೆಗೆ ಒಂದು ತಿಂಗಳು ಸಾಕು. ಅದನ್ನು ಒಟ್ಟಿಗೇ ಬಿತ್ತಬೇಡಿ. ವಾರಕ್ಕೊಂದು ಸಾಲು ಹಾಕಿದರೆ ವಾರವಾರವೂ ಮಾರಲು ಸೊಪ್ಪು ಇರುತ್ತದೆ. ಮಣ್ಣು ಏರಿಸಿ, ನೀರು ಹೋಗಲು ಕಣಿ ಮಾಡಿ. ಬುಡದಲ್ಲಿ ನೀರು ನಿಂತರೆ ತರಕಾರಿಯೂ ಉಳಿಯದು, ಮಲ್ಲಿಗೆಯೂ ಉಳಿಯದು.

ಒಂದು ಎಚ್ಚರಿಕೆ. ಮಲ್ಲಿಗೆಗೆ ಔಷಧ ಬಿಡುವವರು ತರಕಾರಿ ಸಾಲನ್ನು ದೂರ ಮಾಡಿ. ಆ ಸೊಪ್ಪನ್ನು ತಿನ್ನುವುದು ನಮ್ಮ ಮಕ್ಕಳು, ನಮ್ಮ ನೆರೆಯವರು.

ಕೊನೆಯದಾಗಿ, ಒಂದು ಪುಸ್ತಕ ಇಡಿ. ಇವತ್ತು ಎಷ್ಟು ಹೂ ಕೊಟ್ಟೆ, ದರ ಎಷ್ಟು, ಗೊಬ್ಬರಕ್ಕೆ ಎಷ್ಟು ಹೋಯಿತು, ನಾನು ಎಷ್ಟು ಗಂಟೆ ದುಡಿದೆ ಎಂದು ಬರೆಯಿರಿ. "ಮನೆ ಕೆಲಸ ತಾನೇ" ಎಂದು ನಿಮ್ಮ ದುಡಿಮೆಯನ್ನು ಬಿಟ್ಟುಬಿಡಬೇಡಿ. ಹೊಸ ಸಾಲ ಕೇಳುವ ಮೊದಲು ಆ ಪುಸ್ತಕ ತೆರೆದು, ದರ ತೀರಾ ಇಳಿದ ತಿಂಗಳನ್ನು ನೋಡಿ. ಆ ತಿಂಗಳಲ್ಲೂ ಕಂತು ಕಟ್ಟಲು ಆಗುವುದಾದರೆ ಧೈರ್ಯದಿಂದ ಸಾಲ ಪಡೆಯಿರಿ. ಹಬ್ಬದ ದಿನದ ದರ ನಂಬಿ ಸಾಲ ಮಾಡುವುದು ಬೇಡ.

ಮುಂದಿನ ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಈ ಪುಸ್ತಕವನ್ನೂ ತನ್ನಿ. ಎಲ್ಲರೂ ಕೂತು ನೋಡುವ.