ನಗರದ ಮತ, ನಮ್ಮ ಹಳ್ಳದ ನೀರು
(ಕಲಘಟಗಿಯಲ್ಲಿ ರೈತರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಚುನಾವಣೆಗೂ ನಮಗೂ ಏನು ಸಂಬಂಧವೆಂದು ನೀವು ಕೇಳಬಹುದು. ಅಲ್ಲಿ ನಮಗೆ ಮತವಿಲ್ಲ. ನಾನು ಹೇಳಹೊರಟಿರುವುದೂ ಅದನ್ನೇ.

ಮೊದಲು ಫಲಿತಾಂಶ. ಹಿಂದಿನ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದಿತ್ತು. ವಾರ್ಡುಗಳು 67ರಿಂದ 82ಕ್ಕೆ ಏರಿದವು. ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು, ಎಣಿಕೆ 6ರಂದು. ಭಾಜಪಕ್ಕೆ 39, ಕಾಂಗ್ರೆಸ್ಸಿಗೆ 33, ಎಐಎಂಐಎಂಗೆ 3, ಜಾತ್ಯತೀತ ಜನತಾದಳಕ್ಕೆ 1, ಪಕ್ಷೇತರರಿಗೆ 6. ಬಹುಮತದ 42 ಯಾರಿಗೂ ದಕ್ಕಲಿಲ್ಲ. ಮಹಾಪೌರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಮಿಕ್ಕಿ ಅವಳಿ ನಗರಕ್ಕೆ ಮಹಾಪೌರರಿರಲಿಲ್ಲ. ಚರಂಡಿಗಳೇನೂ ಆ ಮೂರು ವರ್ಷ ರಜೆ ಹಾಕಲಿಲ್ಲವೆನ್ನಿ!

ಅವಳಿ ನಗರ ಕುಳಿತಿರುವುದು ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ಶಾಲ್ಮಲಾ, ಬೇಡ್ತಿಗಳನ್ನು ಸೇರಿ, ಯಲ್ಲಾಪುರದ ಕಾಡು ಹಾಯ್ದು, ಗಂಗಾವಳಿಯೆನಿಸಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಣ್ಣಿಹಳ್ಳ ಹಿಡಿದು, ನವಲಗುಂದದ ಎರೆಭೂಮಿ ದಾಟಿ ಮಲಪ್ರಭೆಗೆ ಹೋಗುತ್ತದೆ. ನಗರದ ಕೊಳಚೆಯೂ ಇದೇ ಇಳಿಜಾರನ್ನು ಅನುಸರಿಸುತ್ತದೆ. ಅತ್ತ ನಗರಕ್ಕೆ ಕುಡಿಯುವ ನೀರು ಕೊಟ್ಟ ನೀರಸಾಗರವಿರುವುದು ನಮ್ಮದೇ ತಾಲ್ಲೂಕಿನಲ್ಲಿ. ಇಷ್ಟಾದರೂ ಅಲ್ಲಿಯ ಸಭೆಯಲ್ಲಿ ನಮ್ಮ ಪರವಾಗಿ ಕೇಳಲು ಒಂದು ವಾರ್ಡಿನ ಪ್ರತಿನಿಧಿಯೂ ಇಲ್ಲ.

ಕೃಷಿ ವಿಜ್ಞಾನಿಯಾಗಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬಿಡನಾಳ, ಮಡಿಹಾಳಗಳಂಥ ಕಡೆ ರೈತರು ಬಹುಕಾಲದಿಂದ ಕೊಳಚೆ ನೀರನ್ನು ಪಂಪಿನಿಂದ ಎತ್ತಿ ಹೊಲಕ್ಕೆ ಹಾಯಿಸಿದ್ದಾರೆ. ಅವರನ್ನು ನಾನು ದೂರಲಾರೆ. ಮಳೆಯನ್ನೇ ನಂಬಿದ ನೆಲದಲ್ಲಿ ಬೇಸಿಗೆಗೂ ಬತ್ತದ ನೀರೆಂದರೆ ಸಾಮಾನ್ಯವೇ? ಅದರಲ್ಲಿ ಸಾರಜನಕವಿದೆ, ರಂಜಕವಿದೆ. ಗೊಬ್ಬರದ ಖರ್ಚು ತಗ್ಗುತ್ತದೆ, ಕಾಯಿಪಲ್ಲೆ ಹುಲುಸಾಗಿ ಬರುತ್ತದೆ. ಅದರ ಬೆನ್ನಿಗೇ ಕಳೆ, ಕೀಟ, ಪದೇ ಪದೇ ಔಷಧಿ ಸಿಂಪರಣೆ. ನೀರಿನೊಡನೆ ಜಂತುಹುಳುವಿನ ಮೊಟ್ಟೆಗಳೂ ಹರಿದುಬರುತ್ತವೆ. ಬರಿಗಾಲಿನಲ್ಲಿ ಆ ಕೆಸರಿಗಿಳಿದು ಕಳೆ ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಆ ಪಲ್ಯದ ಸಿವುಡು ಮರುದಿನ ನಗರದ ಸಂತೆಗೇ ಮರಳುತ್ತದೆ. ಮತ ಹಾಕಿದವನ ತಾಟಿಗೆ ಅವನ ಚರಂಡಿಯೇ ಹೀಗೆ ಹಿಂದಿರುಗಿ ಬರುವುದನ್ನು ಯಾವ ಪಕ್ಷದ ಕರಪತ್ರದಲ್ಲಿಯೂ ನಾನು ಓದಿಲ್ಲ.

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ಒಪ್ಪಿತು. ಧಾರವಾಡದವರ ಹಳೆಯ ಬೇಡಿಕೆಯದು, ನನ್ನ ತಕರಾರಿಲ್ಲ. ಆದರೆ ಕಚೇರಿ, ಸಿಬ್ಬಂದಿ, ಸಾಲಗಳನ್ನು ಪಾಲು ಮಾಡುವವರು ಕೊಳಚೆಯ ಹೊಣೆಯನ್ನೂ ಯಾರದೆಂದು ಬರೆದಿಡಬೇಕು. ಇಲ್ಲವಾದರೆ ನಾವು ಒಂದು ಬಾಗಿಲಿನ ಬದಲು ಎರಡು ಬಾಗಿಲು ಬಡಿಯಬೇಕಾದೀತು.

ಆದ್ದರಿಂದ ಹಳ್ಳದ ದಂಡೆಯ ಪಂಚಾಯತಿಗಳು ಬರುವ ಗ್ರಾಮಸಭೆಯಲ್ಲಿಯೇ ಠರಾವು ಮಾಡಲಿ: ಶುದ್ಧೀಕರಿಸದ ನೀರನ್ನು ನಗರವು ಹಳ್ಳಕ್ಕೆ ಬಿಡಬಾರದು. ಅದರ ಒಂದು ಪ್ರತಿ ಪಾಲಿಕೆಗೆ, ಇನ್ನೊಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಸೀಸೆಯಲ್ಲಿ ನೀರು ಹಿಡಿದು, ದಿನಾಂಕ, ಬಣ್ಣ, ವಾಸನೆಗಳನ್ನು ಬರೆದಿಡಿ. ಪರೀಕ್ಷೆಯ ವಿಧಾನವನ್ನು ನಾನು ಕಲಿಸುತ್ತೇನೆ. ಬರಿಗೈಯಲ್ಲಿ ಮಾತ್ರ ಆ ನೀರನ್ನು ಮುಟ್ಟಬೇಡಿ.